ನೀಲವ್ವ ತಿನ್ನದ ರೊಟ್ಟಿ

ದನ ತಿನ್ನದ ಹುಲ್ಲಿಗೆ ನೀರು ಬಿಡುವುದನ್ನು ನಾನು ಮೊದಲು ನೋಡಿದ್ದು ಬೆಂಗಳೂರಿನಲ್ಲಿ. ನಿಮ್ಮಜ್ಜ ಮಂತ್ರಿಯಾದ ಹೊಸತರಲ್ಲಿ, ಸರಕಾರ ಕೊಟ್ಟ ಬಂಗಲೆಗೆ ಬಂದಿಳಿದಾಗ, ಮಾಲಿಯೊಬ್ಬ ಪೈಪು ಹಿಡಿದು ನಿಂತಿದ್ದ. ಹುಲ್ಲು ತೋಯ್ದು ನೀರು ಗೇಟಿನಾಚೆ ರಸ್ತೆಗೆ ಹರಿಯುತ್ತಿತ್ತು. ಹೊಲಕ್ಕೆ ನೀರು ಕೇಳಿದ್ದಕ್ಕೆ ನರಗುಂದದಲ್ಲಿ ಜನ ಲಾಠಿ ಏಟು ತಿಂದದ್ದನ್ನು ಕಂಡು ಬಂದವಳು ನಾನು.

ಮಕ್ಕಳೇ, ನೀವು ಹುಟ್ಟುವ ಹೊತ್ತಿಗೆ ನಿಮ್ಮಜ್ಜ ಮಂತ್ರಿ. ನಾನು ಮದುವೆಯಾದದ್ದು ನರಗುಂದದ ಒಬ್ಬ ವಕೀಲರನ್ನು. ಕಾಲುವೆಯ ನೀರಿಗಾಗಿ ರೈತರು ರಸ್ತೆಗಿಳಿದಾಗ, ಪೊಲೀಸರು ಹಿಡಿದೊಯ್ದವರನ್ನೆಲ್ಲ ಅವರು ಫೀ ಇಲ್ಲದೆ ಬಿಡಿಸಿ ತಂದರು. ಸಂಜೆ ಕರಿಕೋಟು ತೆಗೆದಿಟ್ಟು ಧರಣಿಯ ಚಾಪೆಯ ಮೇಲೆ ಕೂಡುತ್ತಿದ್ದರು. ಊರೂರಿನಿಂದ ಬುಟ್ಟಿಗಟ್ಟಲೆ ರೊಟ್ಟಿ ಬರುತ್ತಿತ್ತು. ಯಾವ ಮನೆಯದೆಂದು ಯಾರೂ ಕೇಳುತ್ತಿರಲಿಲ್ಲ. ನನ್ನ ತವರು ಅಬ್ಬಿಗೇರಿಯಿಂದ ಬುಟ್ಟಿ ಹೊತ್ತು ಬರುತ್ತಿದ್ದವಳು ಸಾಲಿಯಲ್ಲಿ ನನ್ನ ಜೊತೆ ಓದಿದ ಗೆಳತಿ ನೀಲವ್ವ. ಅವಳ ಮಗನನ್ನು ಬಿಡಿಸಿದವರೂ ನಿಮ್ಮಜ್ಜನೇ. ಆ ಜನವೇ ಅವರನ್ನು ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿತು.

ಬೆಂಗಳೂರು ನನ್ನನ್ನು ಮೂಕಿ ಮಾಡಿತು. ನಮ್ಮ ತಂಬಿಗೆಗೆ ಇಲ್ಲಿ ಚೊಂಬು ಎನ್ನುತ್ತಾರೆ, ಕಾಯಿಪಲ್ಲೆಗೆ ತರಕಾರಿ. ಬೇಗ ಬರಲೆಂದು ‘ಲಗೂ ಬಾ’ ಎಂದರೆ ಅಡುಗೆಯಾಕೆ ತಿಳಿಯದೆ ಮುಖ ನೋಡುತ್ತಿದ್ದಳು. ನರಗುಂದದಲ್ಲಿ ಕಕ್ಷಿದಾರರು ನೇರ ಅಡುಗೆಮನೆಗೇ ಬಂದು ನೀರು ಕೇಳುತ್ತಿದ್ದರು. ಇಲ್ಲಿ ಬಂದವರನ್ನು ಗೇಟಿನಲ್ಲೇ ನಿಲ್ಲಿಸುತ್ತಿದ್ದರು. ಬಹಳ ಹುಡುಕಿ, ಬಿಳಿಜೋಳ ಬೀಸಿಕೊಡುವ ಗಿರಣಿಯೊಂದನ್ನು ಪತ್ತೆ ಮಾಡಿದೆ. ಅದೊಂದೇ ನನ್ನ ಗೆಲುವು.

ಆಮೇಲೆ ನಮ್ಮ ರೈತರು ನೀರು ಕೇಳುತ್ತ ಬೆಂಗಳೂರಿಗೇ ಬಂದು ಧರಣಿ ಕೂತರು. ನಿಮ್ಮಜ್ಜ ಅತ್ತ ಸುಳಿಯಲಿಲ್ಲ. ನಾನು ರೊಟ್ಟಿ ಬಡಿದು, ಶೇಂಗಾ ಚಟ್ನಿ ಕಟ್ಟಿಕೊಂಡು ಆಟೋ ಹತ್ತಿದೆ. ನನ್ನ ಮಾತು ಆಡುವ ಆ ಹೆಂಗಸರ ಪಕ್ಕ ಒಂದು ಗಳಿಗೆ ಕೂತರೆ ಸಾಕಾಗಿತ್ತು.

“ಮಂತ್ರಿ ಹೇಣ್ತಿ ಬಂದ್ಲು, ಸರದ ಕೂಡ್ರಿ. ಸೀರಿಗೆ ಧೂಳ ಹತ್ತೀತು,” ಎಂದಳು ಒಬ್ಬಾಕೆ. ಉಳಿದವರು ನಕ್ಕರು. ಅವರ ನಡುವೆ ಕೂತಿದ್ದ ನೀಲವ್ವ ನಗಲಿಲ್ಲ, ರೊಟ್ಟಿಯ ಗಂಟನ್ನು ಮುಟ್ಟಲೂ ಇಲ್ಲ.

“ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ಅವರು ಒಮ್ಮಿ ಬಂದು ನಮ್ಮ ಜೋಡಿ ಕೂಡ್ಲಿ. ಆಮ್ಯಾಲ ತಿಂತೀವಿ.”

ಗಂಟನ್ನು ಹಾಗೇ ಮನೆಗೆ ತಂದೆ. ನಿಮ್ಮಜ್ಜ ಆ ರೊಟ್ಟಿಯನ್ನೇ ಉಂಡು, ಇವತ್ತು ಊರಿನ ರುಚಿ ಬಂತು ಎಂದರು. ಅದು ಎಲ್ಲಿಗೆ ಹೋಗಿ ತಿರುಗಿ ಬಂದದ್ದೆಂದು ಹೇಳಿದೆ. ಒಮ್ಮೆ ಹೋಗಿ ಕೂತು ಬರ್ರಿ ಎಂದೂ ಕೇಳಿದೆ.

ಅವರು ಕೈ ತೊಳೆದುಕೊಂಡರು. “ವಿಷಯ ಕೋರ್ಟಿನಾಗ ಐತಿ. ನಿನಗ ತಿಳ್ಯಾಂಗಿಲ್ಲ.”

ಕೋರ್ಟಿನಲ್ಲಿ ಆ ಜನರಿಗಾಗಿ ಗಂಟಲು ಹರಿದುಕೊಂಡ ಮನುಷ್ಯ, ಈಗ ಕೋರ್ಟಿನ ಹೆಸರು ಹೇಳಿ ಅವರಿಂದ ತಪ್ಪಿಸಿಕೊಳ್ಳುತ್ತಿದ್ದರು. ರೈತರು ಬರಿಗೈಯಲ್ಲಿ ಹೋದರು. ಮುಂದಿನ ಚುನಾವಣೆಯಲ್ಲಿ ನಿಮ್ಮಜ್ಜ ಸೋತರು. ಊರಿಗೆ ಮುಖ ತೋರಿಸಲಾರದೆ ಇಲ್ಲೇ ಬಾಡಿಗೆ ಮನೆ ಹಿಡಿದು, ಇಲ್ಲೇ ತೀರಿಕೊಂಡರು.

ಸುದ್ದಿ ಕೇಳಿ ನೀಲವ್ವ ಬಂದಳು. ಕೆಲವು ದಿನ ಇದ್ದು ನನ್ನ ಒಲೆ ನೋಡಿಕೊಂಡಳು. ಹೊರಡುವಾಗ, ಅಬ್ಬಿಗೇರಿಗೆ ಬಂದು ತನ್ನ ಮನೆಯಲ್ಲೇ ಇರು ಎಂದಳು.

“ಆದ್ರ ಅವರ ಫೋಟೋ ತರಬ್ಯಾಡ. ಗ್ವಾಡಿಗೆ ಹಚ್ಚಾಕ ನನ್ನ ಮಗ ಒಪ್ಪಾಂಗಿಲ್ಲ.”

ನಾನಿನ್ನೂ ಹೋಗಿಲ್ಲ. ನಿಮಗೆ ಇದೇ ಊರು. ನನಗೆ ಇದು ಅವರ ಫೋಟೋ ಇರುವ ಜಾಗ, ಅಷ್ಟೇ. ಬೆಳಿಗ್ಗೆ ಎದ್ದು ಅದನ್ನು ಒರೆಸಿ ಹೂ ಇಡುತ್ತೇನೆ. ನೀಲವ್ವನ ಮಗನಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಆದರೂ ಅವರೊಬ್ಬರನ್ನೇ ಈ ಗೋಡೆಯ ಮೇಲೆ ಬಿಟ್ಟು ಬಸ್ಸು ಹತ್ತಲು ನನ್ನಿಂದ ಆಗುತ್ತಿಲ್ಲ.