ಬಾವಿಯೊಳಗೆ ಉರಿಯುತ್ತಿದ್ದ ಲಾಟೀನು

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಡಗಿನಲ್ಲಿ ಇಂಜಿನಿಯರ್ ಆಗಿದ್ದವನು ಎಂದ ಕೂಡಲೇ ಜನ ಬಿರುಗಾಳಿ, ಎದೆಗಾರಿಕೆ ಎಂದು ಏನೇನೋ ಕಲ್ಪಿಸಿಕೊಂಡು ಬಿಡುತ್ತಾರೆ. ಎಪ್ಪತ್ತರ ದಶಕದ ಕೊನೆಯಲ್ಲಿ ತಿಪಟೂರು ಪಕ್ಕದ ಬಿಳಿಗೆರೆಯಿಂದ ಬೊಂಬಾಯಿಗೆ ಹೋಗಿ ಆ ತರಬೇತಿಗೆ ಸೇರಿದಾಗ ನಾನು ಸಮುದ್ರವನ್ನೇ ನೋಡಿರಲಿಲ್ಲ. ನಮ್ಮೂರ ಕೆರೆ ತುಂಬಿದರೆ ಏರಿಯಿಂದ ದೂರವೇ ನಿಂತು ನೋಡುತ್ತಿದ್ದ ಆಸಾಮಿ ನಾನು.

ವರ್ಕ್‌ಶಾಪಿನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜುವುದು, ಡೀಸೆಲ್ ಇಂಜಿನ್ ಬಿಚ್ಚಿ ಮತ್ತೆ ಕೂಡಿಸುವುದು, ಇದೆಲ್ಲ ಚೆನ್ನಾಗಿಯೇ ತಲೆಗೆ ಹತ್ತಿತು. ಕೈ ಕೊಟ್ಟಿದ್ದು ಹೊಗೆ ಕೋಣೆ. ನಡುನೀರಿನಲ್ಲಿ ಹಡಗಿಗೆ ಬೆಂಕಿ ಬಿದ್ದರೆ ಓಡಿಹೋಗಲು ಜಾಗವಿಲ್ಲ, ನಾವೇ ಆರಿಸಬೇಕು. ಅದಕ್ಕಾಗಿ ಒಂದು ಕಬ್ಬಿಣದ ಕೋಣೆಗೆ ಹೊಗೆ ತುಂಬಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಡುತ್ತಿದ್ದರು. ಮುಖಕ್ಕೆ ಮುಖವಾಡ, ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಹೊರಗೆ ನಿಂತ ಜೊತೆಯವನ ಕೈಯಲ್ಲಿ. ಒಂದು ಸಲ ಜಗ್ಗಿದರೆ ಸರಿಯಾಗಿದ್ದೇನೆ ಎಂದರ್ಥ, ಎರಡು ಸಲ ಜಗ್ಗಿದರೆ ಎಳೆದುಕೋ ಎಂದರ್ಥ. ಒಳಗೆ ಮಲಗಿಸಿದ್ದ ಮರಳಿನ ಬೊಂಬೆಯನ್ನು ತಡಕಾಡಿ ಹುಡುಕಿ ಹೊರಗೆ ತರಬೇಕಿತ್ತು.

ನಾನು ಬೊಂಬೆಯ ತನಕ ಹೋಗಲೇ ಇಲ್ಲ. ಬಾಗಿಲು ಮುಚ್ಚಿದ್ದೇ ತಡ, ಮುಖವಾಡ ಕಿತ್ತೆಸೆದೆ. ಹೊಗೆ ಕುಡಿದು ಕೆಮ್ಮುತ್ತ ಬಾಗಿಲು ಬಡಿದೆ. ಹೊರಗೆ ಬಂದಾಗ ಪ್ಯಾಂಟು ಒದ್ದೆಯಾಗಿತ್ತು. ರಜೆ ಮುಗಿಸಿ ಬಂದ ಮೇಲೆ ಇನ್ನೊಂದು ಸಲ ಬಿಡುತ್ತೇನೆ, ಆಗಲೂ ಇದೇ ಹಣೆಬರಹವಾದರೆ ಊರಿಗೆ ಹೋಗಿ ಎಳನೀರು ಮಾರು ಎಂದರು ತರಬೇತಿಯ ಮೇಷ್ಟ್ರು. ನಮ್ಮ ಕಡೆ ಯಾರೂ ಎಳನೀರು ಕೀಳುವುದಿಲ್ಲ, ಎಲ್ಲವನ್ನೂ ಕೊಬ್ಬರಿಗೇ ಬಿಡುತ್ತೇವೆ ಎಂದು ತಿರುಗಿ ಹೇಳುವ ಧೈರ್ಯವೂ ನನಗಿರಲಿಲ್ಲ. ಇನ್ನು ವಾಪಸ್ ಬರುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ರೈಲು ಹತ್ತಿದೆ.

ಊರಿಗೆ ಬಂದರೆ ಬಿರುಬೇಸಿಗೆ. ಹೊಸದಾಗಿ ನೆಟ್ಟ ತೆಂಗಿನ ಸಸಿಗಳು ಬಾಡುತ್ತಿದ್ದವು. ತೋಟದ ಬಾವಿ ನಮ್ಮ ತಾತ ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುತ್ತಿದ್ದ ಕಾಲದ್ದು. ನೀರು ತಳ ಕಂಡಿತ್ತು. ಮೇಲಿಟ್ಟ ಪಂಪಿಗೆ ಅಷ್ಟು ಆಳದ ನೀರು ಎಟುಕುವುದಿಲ್ಲ ಎಂದು ಅಪ್ಪನೂ ಅಣ್ಣನೂ ಬಾವಿಯೊಳಗೆ ತೆಂಗಿನ ಮರದ ತುಂಡುಗಳನ್ನು ಅಡ್ಡಹಾಕಿ, ಹಲಗೆ ಜೋಡಿಸಿ, ಪಂಪಿನ ಸಮೇತ ಡೀಸೆಲ್ ಇಂಜಿನ್ನನ್ನೇ ಒಳಗೆ ಇಳಿಸಿ ಕೂರಿಸಿದ್ದರು. ಸುತ್ತಮುತ್ತ ಎಲ್ಲರೂ ಮಾಡುತ್ತಿದ್ದದ್ದೇ ಅದು. ನನಗೆ ಮಾತ್ರ ನೋಡಿದ ಕೂಡಲೇ ಹೊಗೆ ಕೋಣೆ ನೆನಪಾಯಿತು.

"ಅಪ್ಪಾ, ಇಂಜಿನ್ ಹೊಗೆ ಎಲ್ಲಿಗೆ ಹೋಗ್ತದೆ? ಬಾವೀಲೇ ನಿಲ್ತದೆ ಕಣಪ್ಪ," ಎಂದೆ.

"ಯಾಕ್ಲಾ, ನಿನ್ನ ಹಡಗಿನೋರು ಇಂಜಿನ್ನ ಹೊಟ್ಟೇಲಿ ಇಟ್ಕೊಳಲ್ವಾ? ಇಲ್ಲಾ ನೆತ್ತಿ ಮ್ಯಾಲೆ ಹೊತ್ಕೊಂಡು ಓಡಾಡ್ತಾರಾ?" ಎಂದು ಅಪ್ಪ ನಕ್ಕರು. ಅಣ್ಣನೂ ನಕ್ಕ. ಅಲ್ಲಿ ಗಾಳಿ ಬೀಸುವ ಫ್ಯಾನು, ಹೊಗೆಯನ್ನು ಹೊರಗೆ ಒಯ್ಯುವ ಕೊಳವೆ ಎಲ್ಲ ಇರುತ್ತವೆ ಎಂದು ನಾನು ವಿವರಿಸುವಷ್ಟರಲ್ಲಿ ಇಬ್ಬರೂ ಎದ್ದು ಹೋಗಿದ್ದರು. ವಾಪಸ್ ಹೋಗುವುದಿಲ್ಲ ಎಂಬ ಮಾತನ್ನೂ ಆವತ್ತು ನುಂಗಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಅಪ್ಪ, ಅವ್ವ, ಅಣ್ಣ, ನಾನು ನಾಲ್ವರೂ ತೋಟದಲ್ಲಿದ್ದೆವು. ಪಾತಿಗೆ ನೀರು ಹಾಯುತ್ತಿದ್ದ ಹಾಗೇ ಇಂಜಿನ್ ಕೆಮ್ಮಿ ನಿಂತಿತು. ಡೀಸೆಲ್ ಮುಗಿದಿರಬೇಕೆಂದು ಅಣ್ಣ ಕ್ಯಾನು ಹಿಡಿದು, ಬಾವಿಯ ಗೋಡೆಯಿಂದ ಚಾಚಿದ ಕಲ್ಲುಗಳ ಮೇಲೆ ಕಾಲಿಟ್ಟು ಇಳಿದ. ನಾನು ಆಚೆ ಬದುವಿನಲ್ಲಿ ಸಸಿಗೆ ಮಣ್ಣು ಏರಿಸುತ್ತಿದ್ದೆ. ಅಪ್ಪ ಅಣ್ಣನನ್ನು ಕೂಗುವುದು ಕೇಳಿಸಿತು. ಇನ್ನೊಂದು ಸಲ ಕೂಗಿದರು. ಆ ಎರಡನೆಯ ಕೂಗಿನಲ್ಲಿದ್ದ ಗಾಬರಿಗೆ ಗುದ್ದಲಿ ಬಿಸಾಕಿ ಓಡಿದೆ.

ಅಣ್ಣ ಹಲಗೆಯ ಮೇಲೆ ಇಂಜಿನ್ನಿಗೆ ಒರಗಿ ಬಿದ್ದಿದ್ದ. ಮಲಗಿದವನ ಹಾಗೆ ಕಾಣುತ್ತಿದ್ದ.

ಪಾಳುಬಾವಿಯ ಹೂಳು ತೆಗೆಯಲು ಇಳಿಯುವ ಮುಂಚೆ ನಮ್ಮ ಕಡೆ ಲಾಟೀನು ಇಳಿಸಿ ನೋಡುತ್ತಾರೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಉರಿದರೆ ಇಳಿಯಬಹುದು. ಅಪ್ಪ ಅಂಥ ಗಾಬರಿಯಲ್ಲೂ ಅದನ್ನು ಮರೆಯಲಿಲ್ಲ. ಪಂಪಿನ ಮನೆಯ ಲಾಟೀನು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಅದು ಅಣ್ಣನ ತಲೆಯ ಪಕ್ಕಕ್ಕೆ ಹೋಗಿ ನಿಂತು, ಮನೆಯ ಗೂಡಿನಲ್ಲಿ ಉರಿಯುವಷ್ಟೇ ಚೆಂದವಾಗಿ ಉರಿಯಿತು.

"ಉರೀತಾ ಐತೆ, ಏನೂ ಇಲ್ಲ ಬುಡು. ತಲೆ ಸುತ್ತಿ ಬಿದ್ದವ್ನೆ," ಎಂದು ಅಪ್ಪ ಪಂಚೆ ಎತ್ತಿಕಟ್ಟಿ ಮೊದಲ ಕಲ್ಲಿಗೆ ಕಾಲಿಟ್ಟರು.

ಇಂಜಿನ್ನಿನ ಹೊಗೆಯಲ್ಲಿರುವ ವಿಷಕ್ಕೆ ದೀಪ ಆರುವುದಿಲ್ಲ, ಮನುಷ್ಯ ಆರುತ್ತಾನೆ. ಬೊಂಬಾಯಿಯಲ್ಲಿ ಮೇಷ್ಟ್ರು ಇದನ್ನು ಎಷ್ಟು ಸಲ ಹೇಳಿದ್ದರೋ. ಮುಚ್ಚಿದ ಜಾಗದಲ್ಲಿ ಒಬ್ಬ ಬಿದ್ದರೆ ಹಿಂದೆಯೇ ಇಳಿಯಬೇಡಿ, ಇಳಿದವನೂ ಅಲ್ಲೇ ಬೀಳುತ್ತಾನೆ, ಮೊದಲು ಗಾಳಿ ಆಡಿಸಿ, ಆಮೇಲೆ ಹಗ್ಗ ಕಟ್ಟಿಕೊಂಡು ಇಳಿಯಿರಿ ಎಂದು ಅವರು ಹೇಳುವಾಗ ನಾನು ಬರೆದುಕೊಂಡು ಪಾಸಾಗಿದ್ದೆ. ಈಗ ಕೆಳಗೆ ಬಿದ್ದಿದ್ದವನು ಮರಳಿನ ಬೊಂಬೆಯಲ್ಲ.

ಅಪ್ಪನ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಅವರು ಕೆನ್ನೆಗೆ ಬಾರಿಸಿದರು. "ಬುಡ್ಲಾ ನನ್ನ! ನಿನ್ನ ಅಣ್ಣ ಕಣ್ಲಾ ಅವನು! ದೀಪ ಕಾಣಾಕಿಲ್ವಾ ನಿನ್ಗೆ?" ಅವರ ಬಲದ ಮುಂದೆ ನಾನು ಯಾವ ಲೆಕ್ಕ? "ಅವ್ವಾ, ಹಗ್ಗ ತಗಾ, ಅಪ್ಪನ್ನ ಮರಕ್ಕೆ ಕಟ್ಟು! ಇಳಿದ್ರೆ ಇವ್ರೂ ಸಾಯ್ತಾರೆ!" ಎಂದು ಕಿರುಚಿದೆ. ದನಿ ಒಡೆದು ಹೆಣ್ಣುಮಗುವಿನ ದನಿಯಂತೆ ಹೊರಟಿತು.

ಅವ್ವ ಬಾವಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಹಿರಿಮಗ ಕೆಳಗೆ, ದೀಪ ಉರಿಯುತ್ತಿದೆ, ಕಿರಿಮಗ ಗಂಡನ ಎದೆಯ ಮೇಲೆ ಕೂತು ಅರಚುತ್ತಿದ್ದಾನೆ. ಅವರು ಕಾಯಿಗೊನೆ ಇಳಿಸುವ ನಾರಿನ ಹಗ್ಗ ತಂದರು. ಇಬ್ಬರೂ ಸೇರಿ ಅಪ್ಪನನ್ನು ಎಳೆದು ಬಾವಿಯ ಪಕ್ಕದ ತೆಂಗಿನ ಮರಕ್ಕೆ ಸುತ್ತಿ ಕಟ್ಟಿದೆವು. ಅಪ್ಪ ಬೈದರು, ಶಾಪ ಹಾಕಿದರು, ಕೊನೆಗೆ ಬೇಡಿಕೊಂಡರು. ಬೇಡಿಕೊಂಡಿದ್ದನ್ನು ಮಾತ್ರ ಕೇಳಲಾಗಲಿಲ್ಲ.

ಕಿರುಚಾಟ ಕೇಳಿ ಪಕ್ಕದ ತೋಟದವರು ಓಡಿಬಂದರು. ಗಾಳಿ ಆಡಲೆಂದು ತೆಂಗಿನ ಹಸಿ ಗರಿಗಳನ್ನು ಕಂತೆ ಕಟ್ಟಿ ಬಾವಿಗೆ ಇಳಿಬಿಟ್ಟು ಮೇಲಕ್ಕೂ ಕೆಳಕ್ಕೂ ಬೀಸಿದೆವು. ಅವ್ವ ಕೊಡದ ಮೇಲೆ ಕೊಡ ನೀರನ್ನು ಎತ್ತರದಿಂದ ಸುರಿದರು. ಎಷ್ಟು ಹೊತ್ತು ಹಾಗೆ ಮಾಡಿದೆವೋ ತಿಳಿಯದು. ಇನ್ನೊಂದು ಗಳಿಗೆ ತಡೆ, ಇನ್ನೊಂದು ಗಳಿಗೆ ತಡೆ ಎಂದು ಎಲ್ಲರನ್ನೂ ತಡೆಯುತ್ತಿದ್ದವನು ನಾನೇ. ಒಂದೊಂದು ಗಳಿಗೆಯೂ ಅಣ್ಣನ ಉಸಿರಿನಿಂದ ಕಡಿದು ಕೊಡುತ್ತಿದ್ದೇನೆ ಎಂದು ಗೊತ್ತಿತ್ತು. ಆವತ್ತು ನನಗಾದ ಭಯದ ಮುಂದೆ ಹೊಗೆ ಕೋಣೆಯ ಭಯ ಏನೇನೂ ಅಲ್ಲ.

ಸಾಕು ಅನ್ನಿಸಿದಾಗ ಅಪ್ಪನನ್ನು ಬಿಚ್ಚಿಸಿದೆ. ಅವರನ್ನು ಕಟ್ಟಿದ್ದ ಹಗ್ಗವನ್ನೇ ನನ್ನ ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದು ತುದಿಯನ್ನು ಅವರ ಕೈಗೆ ಕೊಟ್ಟೆ. "ಎರಡು ಸಲ ಜಗ್ಗಿದ್ರೆ ಎಳ್ಕೊಳ್ಳಪ್ಪ," ಎಂದೆ. ಅವರು ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡು ಕಲ್ಲಿಗೆ ಕಾಲು ಕೊಟ್ಟು ಕೂತರು.

ಕಲ್ಲು ತಡಕುತ್ತ ಹಲಗೆಯವರೆಗೆ ಇಳಿದೆ. ಇನ್ನೊಂದು ಹಗ್ಗವನ್ನು ಅಣ್ಣನ ಕಂಕುಳಿನಡಿ ಹಾಯಿಸಿ ಗಂಟು ಹಾಕುವಷ್ಟರಲ್ಲಿ ಹಣೆ ಸಿಡಿಯತೊಡಗಿತು. ಅವನು ಮೇಲಕ್ಕೆ ಹೋಗುವುದನ್ನು ನೋಡಿದೆ. ಲಾಟೀನು ಇನ್ನೂ ಉರಿಯುತ್ತಲೇ ಇತ್ತು. ಎರಡು ಸಲ ಜಗ್ಗಿದೆ. ಅಪ್ಪ ನನ್ನನ್ನು ಸೇದಿಕೊಂಡ ರಭಸಕ್ಕೆ ಬೆನ್ನಿನ ಚರ್ಮ ಗೋಡೆಗೆ ಸುಲಿದುಹೋಯಿತು.

ಕೊಬ್ಬರಿ ಹೊತ್ತು ಹೊರಟಿದ್ದ ಲಾರಿಯೊಂದರಲ್ಲಿ ಅಣ್ಣನನ್ನು ತಿಪಟೂರಿನ ಆಸ್ಪತ್ರೆಗೆ ಸಾಗಿಸಿದೆವು. ಬದುಕಿದ. ಆ ಬೆಳಗಿನ ನೆನಪು ಮಾತ್ರ ಪೂರ್ತಿ ಅಳಿಸಿಹೋಗಿತ್ತು. "ನಾನ್ಯಾವಾಗ್ಲಾ ಬಾವಿಗೆ ಇಳಿದೆ? ಅಪ್ಪನ್ನ ಕಟ್ಟಾಕಿದ್ದಂತೂ ಸುಳ್ಳು ಬುಡು," ಎಂದು ವಾದಿಸುತ್ತಿದ್ದ. ಅಪ್ಪ ಇಂಜಿನ್ನನ್ನು ಮೇಲಕ್ಕೆ ಎತ್ತಿಸಿದರು. ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ ಅವ್ವನನ್ನು, ನನ್ನ ಮಾತನ್ನು ನೀನು ಹೇಗೆ ನಂಬಿದೆ ಎಂದು ಕೇಳಿದೆ. "ನಂಬಿದ್ದು ನಿನ್ನ ಮಾತನ್ನಲ್ಲ ಕಣಪ್ಪ. ನಿನ್ನ ಮುಖ ಅಷ್ಟು ಹೆದರಿಕೊಂಡಿತ್ತು," ಎಂದರು.

ವಾಪಸ್ ಹೋಗುವುದಿಲ್ಲ ಎಂಬ ಮಾತನ್ನು ನಾನು ಹೇಳಲಿಲ್ಲ. ರಜೆ ಮುಗಿದ ಮೇಲೆ ತಿಪಟೂರು ಸ್ಟೇಷನ್ನಿಗೆ ಅವ್ವನೂ ಬಂದರು. ಕಲ್ಲುಬೆಂಚಿನ ಮೇಲೆ ಕೂತು ಸೆರಗಿನ ತುದಿ ಸುರುಳಿ ಸುತ್ತುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು.

"ಆವತ್ತು ನೀನು ಮಾಡಿದ್ದು ಹಡಗಿನೋರು ಕಲಿಸಿದ್ದೇ ಅಲ್ವಾ ಮಗ?"

"ಹೂಂ ಅವ್ವ."

"ಹಂಗಾದ್ರೆ ನಾಳೆ ನೀನೇ ಅಲ್ಲಿ ಬಿದ್ರೆ, ಅವ್ರೂ ಎಲ್ಲಾ ಮ್ಯಾಲೇ ನಿಂತ್ಕೊತಾರಾ?"

"ಸುಮ್ನೆ ನಿಂತ್ಕೊಳಲ್ಲ ಅವ್ವ. ಗಾಳಿ ಆಡ್ಸಿ, ಹಗ್ಗ ಕಟ್ಕೊಂಡು ಇಳೀತಾರೆ."

"ಹಗ್ಗ ಯಾರು ಹಿಡೀತಾರೆ? ಇಲ್ಲಿ ನಿಮ್ಮಪ್ಪ ಹಿಡಿದ್ರು. ಅಲ್ಲಿ ನಮ್ಮೋರು ಯಾರವ್ರೆ?"

ರೈಲು ಬಂತು. ಹತ್ತಿಬಿಟ್ಟೆ. ಬೊಂಬಾಯಿಯವರೆಗೂ ಆ ಪ್ರಶ್ನೆ ಎದೆಯ ಮೇಲೆ ಕೂತಿತ್ತು.

ಹೊಗೆ ಕೋಣೆಯ ದಿನ ಬಂತು. ಮೇಷ್ಟ್ರು ನನ್ನ ಸೊಂಟಕ್ಕೆ ಹಗ್ಗ ಬಿಗಿದರು. ಇನ್ನೊಂದು ತುದಿ ಹಿಡಿದು ನಿಂತಿದ್ದವನ ಜೊತೆ ನಾನು ಅದುವರೆಗೆ ಸರಿಯಾಗಿ ಮಾತೂ ಆಡಿರಲಿಲ್ಲ. ಬಾಗಿಲು ತೆಗೆದರು. ಹೆದರಿಕೆ ಹಿಂದಿನ ಸಲದಷ್ಟೇ ಇತ್ತು. ಒಳಗೆ ಹೋಗುವ ಬದಲು ತಿರುಗಿ ಅವನ ಹತ್ತಿರ ಹೋಗಿ, ನನ್ನ ಹರಕುಮುರುಕು ಹಿಂದಿಯಲ್ಲಿ, ನಿನ್ನದು ಯಾವೂರು ಎಂದು ಕೇಳಿದೆ. ಅವನು ಕಕ್ಕಾಬಿಕ್ಕಿಯಾಗಿ, ನಾನು ಎಂದೂ ಕೇಳಿರದ ಯಾವುದೋ ಊರಿನ ಹೆಸರು ಹೇಳಿದ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದೆ. ಅಮ್ಮ ಇದ್ದಾಳೆ ಎಂದ.

ಮುಖವಾಡ ಹಾಕಿಕೊಂಡು ಒಳಗೆ ಹೋದೆ.