ಹನ್ನೆರಡು ವಾರದ ಸಹಿ

ನನ್ನ ಬಾಯಿ ಸಣ್ಣದಾಗಾಕತ್ತೈತಿ ಅಂತ ನನಗ ಗೊತ್ತಾಗಿದ್ದು ಕುರುಗೋಡು ಬಸ್‌ಸ್ಟ್ಯಾಂಡಿನಾಗ, ಒಗ್ಗಾಣಿ ಮಿರ್ಚಿ ತಿನ್ನೋ ಮುಂದ. ದಿನಾ ಮುಂಜಾನೆ ಬಳ್ಳಾರಿ ಬಸ್ ಹತ್ತೋಕಿಂತ ಮೊದ್ಲು ಅಲ್ಲೇ ತಿಂತಿದ್ದೆ. ಅವತ್ತು ಮಿರ್ಚಿ ಬಾಯಾಗ ಹೋಗಲಿಲ್ಲ. ಇವತ್ತು ದಪ್ಪ ಮಾಡ್ಯಾರ ಅನ್ಕೊಂಡು ಮುರಿದು ತಿಂದೆ. ಖಾರ ಹತ್ತಿ ಗಲ್ಲದ ಒಳಗ ಬೆಂಕಿ ಇಟ್ಟಂಗ ಆತು. ಒಂದು ವಾರ ಹಂಗೇ ಮುರಿದು ತಿಂದೆ, ಆಮ್ಯಾಲೆ ಮಿರ್ಚಿ ತಿನ್ನೋದು ಬಿಟ್ಟೆ. ಬಿಡಬೇಕಾದ್ದು ಬ್ಯಾರೆ ಇತ್ತು.

ನಾನು ಬಳ್ಳಾರಿಯಾಗ ಜೀನ್ಸ್ ಪ್ಯಾಂಟು ಹೊಲಿಯೋ ಕಡೆ ಮಿಷಿನ್ ಮ್ಯಾಲೆ ಕುಂದ್ರತೀನಿ. ಅಲ್ಲಿ ಬೀಡಿ ಹಚ್ಚಂಗಿಲ್ಲ. ಸುತ್ತೆಲ್ಲಾ ಬಟ್ಟಿ, ದಾರದ ಧೂಳು. ಒಂದು ಕಿಡಿ ಬಿದ್ರ ಮುಗೀತು. ಎರಡೂ ಕೈ ಬಟ್ಟಿ ಮ್ಯಾಲೆ, ಕಾಲು ಪೆಡಲ್ ಮ್ಯಾಲೆ, ಖಾಲಿ ಇರೋದು ಬಾಯಿ ಒಂದೇ. ಅದಕ್ಕ ನಮ್ಮ ಸಾಲಿನಾಗ ಬಾಳ ಮಂದಿ ಗಲ್ಲದಾಗ ಏನಾರ ಒತ್ತಿಟ್ಟಿರ್ತಾರ, ಮಿಷಿನ್ ಕೆಳಗ ಉಗುಳಾಕ ಒಂದು ಬಾಟ್ಲಿ ಇರ್ತೈತಿ.

ನನ್ನ ಪಕ್ಕದ ಮಿಷಿನಿನಾಂವ ಮೋಕಾ ಊರಿನಾಂವ, ನನಗಿಂತ ಐದಾರು ವರ್ಷ ದೊಡ್ಡಾಂವ. ಸಂಬಂಧ ಏನಿಲ್ಲ, ಆದ್ರೂ ನಾನು ಮಾವ ಅಂತೀನಿ, ಆತ ಅಳಿಯ ಅಂತಾನ. ಪಾನ್ ಮಸಾಲಿದು ಒಂದು ಪಾಕೀಟು, ತಂಬಾಕಿಂದು ಒಂದು ಪಾಕೀಟು ಹರಿದು, ಕೂಡಿಸಿ, ಅಲುಗಾಡಿಸಿ, ಅರ್ಧ ತಾನು ಹಾಕ್ಕೊಂಡು ಅರ್ಧ ನನ್ನ ಅಂಗೈಯಾಗ ಸುರೀತಿದ್ದ. ಭಾಳ ವರ್ಷ ಹಂಗೇ ನಡೀತು.

ನಾನು ಹತ್ತನೇತ್ತ ಪಾಸಾಗಿದ್ದು ಎರಡು ಮಕ್ಕಳಾದ ಮ್ಯಾಲೆ, ಪರೀಕ್ಷಾ ಹೊರಗಿನಿಂದ ಕಟ್ಟಿ. ಊಟದ ಹೊತ್ತಿನಾಗ ನಾನು ಓದೋದು ನೋಡಿ ಮಾವ, "ಅಳಿಯ, ನನಗ ಸಹಿ ಒಂದು ಕಲಿಸಲೇ, ಹೆಬ್ಬೆಟ್ಟು ಒತ್ತಾಕ ನಾಚಿಕಿ ಬರ್ತೈತಿ" ಅಂದಿದ್ದ. ಕತ್ತರಿಸಿ ಉಳಿದ ಜೀನ್ಸ್ ತುಂಡಿನ ಮ್ಯಾಲೆ ಗುರುತು ಹಾಕೋ ಸುಣ್ಣದ ಬಿಲ್ಲಿಲೆ ಕಲಿಸಿದೆ. ಎರಡು ತಿಂಗಳು ಹಿಡೀತು. ಕಲ್ತ ಮ್ಯಾಲೆ ಎಲ್ಲಿ ಖಾಲಿ ಜಾಗ ಕಂಡ್ರ ಅಲ್ಲಿ ಸಹಿ ಹಾಕ್ತಿದ್ದ.

ಮಿರ್ಚಿ ಬಿಟ್ಟಿದ್ದು ನೋಡಿ ಹೆಂಡ್ತಿಗೆ ಅನುಮಾನ ಬಂತು. ಜಗ್ಗಿಕೊಂಡೇ ಬಳ್ಳಾರಿ ದವಾಖಾನಿಗೆ ಕರಕೊಂಡು ಹೋದ್ಲು. ಹಲ್ಲಿನ ಡಾಕ್ಟ್ರು ಮೂರು ಬೆರಳು ಒಂದರ ಮ್ಯಾಲೊಂದು ಹಿಡಿದು ಬಾಯಾಗ ಹಾಕ್ಕೊ ಅಂದ್ರು. ಎರಡು ಹೋದವು. ಅಲ್ಲಿಂದ ತಂಬಾಕು ಬಿಡಿಸೋ ಕೋಣಿಗೆ ಕಳಿಸಿದ್ರು. ಅಲ್ಲಿ ಒಬ್ಬಾಕಿ ಮೇಡಂ ಇದ್ರು.

"ಹೋದದ್ದು ಪೂರ್ತಿ ವಾಪಸ್ ಬರಂಗಿಲ್ರಿ" ಅಂದ್ರು. "ಇನ್ನೂ ಮುಚ್ಚದಂಗ ನೋಡ್ಕೋಬೇಕು. ಬಿಡ್ಲಿಲ್ಲಂದ್ರ ಒಂದಿನ ಚಮಚಾನೂ ಹೋಗಂಗಿಲ್ಲ. ಒಳಗ ಹುಣ್ಣಾಗಿ ಕ್ಯಾನ್ಸರ್ ಗಂಟಾತಂದ್ರ ಅದರ ಕಥಿನೇ ಬ್ಯಾರೆ."

ಒಂದು ಕಾರ್ಡು ಕೊಟ್ರು. ಅದರಾಗ ಹನ್ನೆರಡು ವಾರಕ್ಕ ಹನ್ನೆರಡು ಚೌಕ. ನನಗ ಆಸರಾಗಿ ಇರೋರು ಒಬ್ಬರು, ಈ ವಾರ ಈತ ತಂಬಾಕು ಮುಟ್ಟಿಲ್ಲ ಅಂತ ನೋಡಿ ಸಹಿ ಹಾಕ್ಬೇಕು. ಯಾರನ್ನ ಬರಕೊಳ್ಳಿ ಅಂತ ಕೇಳಿದ್ರು. ನಾನು ಮಾವನ ಹೆಸರು ಹೇಳಿದೆ.

ಹೆಂಡ್ತಿ, "ಅಯ್ಯ! ಕೊಡಾಂವನ್ನೇ ಕಾಯಾಕ ಇಡ್ತೀರೇನ್ರಿ?" ಅಂದ್ಲು.

"ನೀ ನನ್ನ ನೋಡೋದು ಮುಂಜಾನೆ ಸಂಜಿ. ಆತ ಹಗಲೆಲ್ಲಾ ನೋಡ್ತಾನ" ಅಂದೆ. ಆಗ ಅದೇ ಸರಿ ಅನ್ನಿಸಿತ್ತು.

ಮಾವ ಒಪ್ಪಿದ. ಬಾಯಾಗಿಂದು ಉಗುಳಿ, ಕೈ ಒರೆಸ್ಕೊಂಡು ಕಾರ್ಡು ಇಸ್ಕೊಂಡು ತನ್ನ ಊಟದ ಚೀಲದಾಗ ಇಟ್ಕೊಂಡ. ಅವತ್ತಿನಿಂದ ಪಾಕೀಟು ಹರಿಯೋ ಮುಂದ ನನಗ ಬೆನ್ನು ಮಾಡಿ ಕುಂದ್ರತಿದ್ದ. ಆದ್ರ ವಾಸನಿ ಬೆನ್ನು ಮಾಡ್ತೈತೇನು? ತಲಿ ಸಿಡೀತಿತ್ತು, ಹೊಲಿಗಿ ಸೊಟ್ಟ ಹೋಗ್ತಿತ್ತು. ಮೇಡಂ ಕೊಟ್ಟ ಅಗಿಯೋ ಗುಳಿಗಿ ಅಗಿದು ಅಗಿದು, ಹಳೇ ರೂಢಿಲೆ ರಸ ಎಲ್ಲಾ ಬಾಟ್ಲಿಗೆ ಉಗುಳಿದೆ. ಎಷ್ಟು ಅಗಿದು ಉಗುಳಿದ್ರೂ ಏನೂ ಉಪಯೋಗ ಇಲ್ರಿ ಅಂತ ಫೋನ್ ಮಾಡಿದ್ರ, "ಉಗುಳ್ತೀರಾ? ಔಷಧ ಅದರಾಗೇ ಇರ್ತೈತೆಲ್ರಿ!" ಅಂತ ಮೇಡಂ ನಕ್ಕುಬಿಟ್ರು. ನನಗ ನಗೂ ಬರಲಿಲ್ಲ.

ನಾಕು ವಾರ ಹೆಂಗೋ ಕಳೀತು. ಐದನೇ ವಾರ ಸಿರುಗುಪ್ಪದಾಗ ಹೆಂಡ್ತಿ ಕಡೇರ ಮನಿಯಾಗ ಕೂಸಿನ ತೊಟ್ಟಿಲ ಕಾರ್ಯ ಇತ್ತು. ಊಟ ಆದ ಮ್ಯಾಲೆ ಗಂಡಸರೆಲ್ಲಾ ಹಿತ್ತಲದಾಗ ಕುಂತ್ವಿ. ಹೆಂಡ್ತಿ ದೊಡ್ಡಪ್ಪ ಎಲಿ ತಂಬಾಕಿಗೆ ಸುಣ್ಣ ಹಚ್ಚಿ ಅಂಗೈಯಾಗ ತಿಕ್ಕಿ, ಮೊದ್ಲು ನನ್ನ ಕಡಿಗೇ ಕೈ ಚಾಚಿದ. ದೊಡ್ಡವರು ತಿಕ್ಕಿ ಚಾಚಿದ ಕೈಗೆ ಒಲ್ಲೆ ಅನ್ನೋದು ನಮ್ಮ ಕಡೆ ಅವರಿಗೇ ಒಲ್ಲೆ ಅಂದಂಗ.

"ಬಿಟ್ಟೀನ್ರಿ" ಅಂದೆ.

"ಪಾಕೀಟು ಬಿಟ್ಟೀರಿ ಅಳಿಯಾರ. ಇದು ಎಲಿ. ಎಲಿ ಏನು ಮಾಡ್ತೈತಿ?"

ಕೈ ಹಂಗೇ ಇತ್ತು. ಎಲ್ಲಾರೂ ನೋಡಾಕತ್ತಿದ್ರು. ತಗೊಂಡೆ. ಆಮ್ಯಾಲೆ ಸಂಜಿತನ ಯಾರೂ ಕೈ ಚಾಚೋದು ಬೇಕಾಗಲಿಲ್ಲ, ನಾನೇ ಕೇಳಿ ಇಸ್ಕೊಂಡೆ.

ಸೋಮವಾರ ಮಾವಗ ಹೇಳಿದೆ, "ಈ ವಾರ ಸಹಿ ಹಾಕಬ್ಯಾಡ, ತಪ್ಪೀನಿ."

ಆತ ಚೀಲದಾಗಿಂದ ಕಾರ್ಡು ತಗದು ತೋರಿಸಿದ. ಹನ್ನೆರಡೂ ಚೌಕ ತುಂಬಿದ್ದವು.

"ಯಾವಾಗ ಹಾಕಿದಿ ಮಾವ?"

"ಮೊದಲ್ನೇ ವಾರದಾಗೇ. ನೀ ಬಿಟ್ಟೇ ಬಿಡ್ತಿ ಅಂತ ನನಗ ಗೊತ್ತಿದ್ದಿಲ್ಲೇನು? ಕಡೀದು ನೋಡಲೇ, ಹೆಂಗ ಬಂದೈತಿ!"

ಕಡೀದು ಖರೇನೇ ಚಂದ ಬಂದಿತ್ತು.

ಹನ್ನೆರಡು ವಾರ ಆದ ಮ್ಯಾಲೆ ಆ ಕಾರ್ಡು ಹಂಗೇ ತೋರಿಸಬಹುದಿತ್ತು. ಬಸ್ಸಿನಾಗ ಅದೇ ವಿಚಾರ ಮಾಡಿದೆ. ಆದ್ರ ದವಾಖಾನಿಯಾಗ ಮತ್ತ ಬೆರಳು ಹಾಕಿಸ್ತಾರ, ಬಾಯಿ ಸಹಿ ಮಾತು ಕೇಳಂಗಿಲ್ಲ. ಮೇಡಂ ಮುಂದ ಎಲ್ಲಾ ಹೇಳಿಬಿಟ್ಟೆ. ಮೇಡಂ ಕಾರ್ಡು ನೋಡಿ, "ಮುಂದಿನ ತಿಂಗಳದ್ದೂ ಗೆದ್ದುಬಿಟ್ಟೀರಲ್ರಿ" ಅಂದ್ರು. ಬೈಲಿಲ್ಲ. ಎಷ್ಟು ಸಲ ತಪ್ಪಿದ್ರೂ ಮತ್ತ ಬರ್ರಿ ಅಂತ ಹೊಸ ಕಾರ್ಡು ಕೊಟ್ಟು, "ಮುಂದಿನ ಸಲ ಅವರನ್ನೂ ಕರಕೊಂಡು ಬರ್ರಿ" ಅಂದ್ರು.

ಮಾವ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದ. ಮೇಡಂ ಆತಗ ಬಾಯಿ ತೆರೀರಿ ಅಂದ್ರು.

"ನನ್ನದ್ಯಾಕ್ರಿ? ನಾ ಸಹಿ ಹಾಕಾಕ ಬಂದಾಂವ."

"ತೆರೀರಿ, ನೋಡೋಣ."

ಒಂದು ಬೆರಳು ಹೋತು. ಎರಡನೇದು ಹಲ್ಲಿಗೆ ಬಡಿದು ನಿಂತಿತು. ಮಾವ ನನ್ನ ಕಡೆ ನೋಡಲಿಲ್ಲ. ವರ್ಷದಿಂದ ಆತ ಮಧ್ಯಾಹ್ನ ಅನ್ನಕ್ಕ ಮಜ್ಜಿಗಿ ಹಾಕಿ ಕಿವುಚಿ ಕಿವುಚಿ ತಿಂತಿದ್ದ. ಹಲ್ಲು ನೋವಲೇ ಅಂತಿದ್ದ. ಪಕ್ಕದಾಗ ಕುಂತು ನಾನು ಹೌದು ಅನ್ಕೊಂಡಿದ್ದೆ.

ಕೊಯ್ದು ಬಾಯಿ ಬಿಡಿಸಬಹುದು, ಆದ್ರ ತಂಬಾಕು ಬಿಡದ ಕೊಯ್ದ್ರ ಮತ್ತ ಮುಚ್ಚಿಕೊಂತೈತಿ ಅಂತ ಡಾಕ್ಟ್ರು ಹೇಳ್ಯಾರ. ಮಾವಗೂ ಒಂದು ಕಾರ್ಡು ಕೊಟ್ರು. ಆಸರಾಗಿ ಇರೋರು ಯಾರು ಅಂದಿದ್ದಕ್ಕ ನನ್ನ ಕಡೆ ಬೆರಳು ಮಾಡಿದ.

ಈಗ ನನ್ನ ಕಾರ್ಡು ತುಂಬೈತಿ, ಒಂದೊಂದೇ ವಾರ ತುಂಬಿದ್ದು. ಎರಡೇ ಬೆರಳು ಹೋಗ್ತಾವ, ಅಷ್ಟಕ್ಕ ನಿಂತೈತಿ. ಮಾವನ ಕಾರ್ಡಿನಾಗ ನನ್ನ ಸಹಿ ಎರಡೇ ಅದಾವ. ಪ್ರತಿ ಶನಿವಾರ ಸಹಿ ಹಾಕಾಕ ಒಲ್ಲೆ ಅಂದು ಅಂದು ನನಗ ಸಾಕಾಗೈತಿ. ನಾನು ಬಿಡೋ ಮುಂದೂ ಇಷ್ಟು ದಣಿದಿದ್ದಿಲ್ಲ.

ಮೊನ್ನೆ ಶನಿವಾರ ಊಟಕ್ಕ ಕುಂತಾಗ ಕಾರ್ಡು, ಪೆನ್ನು ನನ್ನ ಮುಂದ ಇಟ್ಟ.

"ಹಾಕ್ಲೇನು ಮಾವ?" ಅಂದೆ.

ಮಿಷಿನ್ ಮ್ಯಾಲಿನ ನೀಲಿ ಧೂಳು ಊದಿದ. "ಬುಧವಾರ ಒಂದು ಪಾಕೀಟು. ನಿನ್ನೆ ಎರಡು."

"ಹಂಗಾರ ಬ್ಯಾಡ."

"ಬ್ಯಾಡ ಬಿಡು" ಅಂದು ಕಾರ್ಡು ಚೀಲದಾಗ ಹಾಕ್ಕೊಂಡ. ಸಿಟ್ಟು ಮಾಡಲಿಲ್ಲ. "ಸೋಮವಾರದಿಂದ ನೋಡೋಣಲೇ."

ಗಂಟಿ ಹೊಡೀತು. ಎಲ್ಲಾರೂ ಮಿಷಿನ್ ಹಚ್ಚಿದ್ರು. ಮಾವನ ಡಬ್ಬಿಯಾಗ ಇನ್ನೂ ಅರ್ಧ ಅನ್ನ ಇತ್ತು, ತುದಿ ಬೆರಳಿಲೆ ಇಷ್ಟಿಷ್ಟೇ ಒಳಗ ನೂಕಾಕತ್ತಿದ್ದ. "ಅವಸರ ಮಾಡಬ್ಯಾಡ" ಅಂದು, ಆತ ಹೊಲಿಯಬೇಕಾದ ಪ್ಯಾಂಟಿನ ಗಂಟು ನನ್ನ ಮಿಷಿನ್ ಕಡೆ ಎಳಕೊಂಡೆ.