ಬೆಂಚಿನವಳ ಕಂಪ್ಯೂಟರ್ ಪಾಠ

ತೊಂಡೆಸೊಪ್ಪನ್ನು ಹೊಸಕಿದಾಗ ಬರುವ ಹಸಿ ವಾಸನೆ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಕಳೆದ ತಿಂಗಳು ಹೊಸಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ವರದಿಗೆಂದು ಹೋದಾಗ ಅದು ನನ್ನ ಮೂಗಿಗೆ ಬಡಿಯಿತು. ಪಿಲ್ಲಗುಂಪೆ ಕಡೆಯ ಕಾರ್ಖಾನೆಯೊಂದು ಕೊಟ್ಟ ಸ್ಮಾರ್ಟ್ ಬೋರ್ಡಿನ ಉದ್ಘಾಟನೆ ಅದು. ಅತಿಥಿಗಳು ಇನ್ನೂ ಬಂದಿರಲಿಲ್ಲ. ಶಾಮಿಯಾನದ ಗೂಟ ನೆಡಲು ಯಾರೋ ಬೇಲಿಯ ತೊಂಡೆಬಳ್ಳಿಯನ್ನು ಕಿತ್ತು ದಾರಿಯಲ್ಲೇ ಹಾಕಿದ್ದರು. ಬಂದವರೆಲ್ಲ ಅದನ್ನು ತುಳಿದುಕೊಂಡೇ ಒಳಗೆ ಹೋಗುತ್ತಿದ್ದರು. ನಾನು ಪೆನ್ನು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ...

ಆ ಸೊಪ್ಪನ್ನು ಇದ್ದಿಲಿನ ಜೊತೆ ಅರೆದು ಕಪ್ಪುಹಲಗೆಗೆ ಬಳಿಯುತ್ತಿದ್ದ ಕಾಲದವಳು ನಾನು. ತೊಂಬತ್ತರ ದಶಕದ ನಡುವಿನ ವರ್ಷಗಳು. ದೊಡ್ಡಬಳ್ಳಾಪುರದಲ್ಲಿ ಟಿ.ಸಿ.ಎಚ್. ಓದುತ್ತಿದ್ದೆ. ಪ್ರಾಥಮಿಕ ಶಾಲೆಯ ಶಿಕ್ಷಕರಾಗುವವರಿಗೆ ಆಗ ಇದ್ದ ತರಬೇತಿ ಅದು. ಶನಿವಾರ ಮಧ್ಯಾಹ್ನ ಹಲಗೆ ಕಪ್ಪು ಮಾಡುವ ಸರದಿ ನಮ್ಮ ಬೆಂಚಿಗೆ ಬಂದಾಗ ನಾನು ಅರೆಯುತ್ತಿದ್ದೆ, ಪಕ್ಕದವಳು ಬಳಿಯುತ್ತಿದ್ದಳು. ಅವಳ ಕೈ ಮೊಣಕೈವರೆಗೂ ಕಪ್ಪಾಗುತ್ತಿತ್ತು. ಹಾಗೇ ಊಟಕ್ಕೆ ಕೂರುತ್ತಿದ್ದಳು.

ಅವಳನ್ನು ಬೆಂಚಿನವಳು ಎಂದೇ ಕರೆಯುತ್ತೇನೆ. ದೊಡ್ಡಬಳ್ಳಾಪುರದವಳೇ, ನೇಯ್ಗೆಯ ಮನೆ. ಅವರ ಮನೆಯ ಮುಂದಿನ ಕೋಣೆಯಲ್ಲಿ ವಿದ್ಯುತ್ ಮಗ್ಗಗಳು, ಹಿಂದಿನ ಕೋಣೆಯಲ್ಲಿ ಸಂಸಾರ. ಹಗಲೆಲ್ಲ ಮಗ್ಗ ಬಡಿಯುವ ಮನೆಯಲ್ಲಿ ಬೆಳೆದವಳು, ಹಾಗಾಗಿ ಗಂಟಲು ದೊಡ್ಡದು. ಗುಟ್ಟು ಹೇಳಿದರೂ ಮೂರು ಬೆಂಚಿಗೆ ಕೇಳುತ್ತಿತ್ತು. ನಾನು ಆವತಿ ಕಡೆಯಿಂದ ದೇವನಹಳ್ಳಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಬರುತ್ತಿದ್ದವಳು. "ನಿಮ್ಮೂರಲ್ಲಿ ಯಾರೂ ಮಾತೇ ಆಡಲ್ವೇನೇ? ಪಿಸಪಿಸ ಅಂತೀಯ" ಎಂದು ಮೊದಲ ವಾರವೇ ಕೇಳಿದ್ದಳು.

ತರಬೇತಿಯಲ್ಲಿ ನನಗೊಂದು ಹೆಸರಿತ್ತು. ಹಲಗೆಯ ಮೇಲೆ ನನ್ನ ಅಕ್ಷರ ಅಚ್ಚು ಹಾಕಿದಂತೆ ಬರುತ್ತಿತ್ತು. ಸೀಮೆಸುಣ್ಣ ಎತ್ತದೆ ಕರ್ನಾಟಕದ ನಕ್ಷೆ ಬರೆಯುತ್ತಿದ್ದೆ. ಕೈವಾರವಿಲ್ಲದೆ ಸುತ್ತು ಎಳೆದರೆ ಆರಂಭವೂ ಕೊನೆಯೂ ಕೂಡುತ್ತಿದ್ದವು, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆಯೇ ಸಾಕಿತ್ತು ನನಗೆ. ಚಿಕ್ಕವಳಿದ್ದಾಗಿನಿಂದ ಟೀಚರ್ ಆಗಬೇಕು ಎನ್ನುವುದೊಂದನ್ನು ಬಿಟ್ಟು ಬೇರೇನನ್ನೂ ನಾನು ಯೋಚಿಸಿರಲಿಲ್ಲ.

ಪಾಠ ಮಾಡಿ ಅಭ್ಯಾಸ ಮಾಡಲು ನಮ್ಮನ್ನು ಊರಿನ ಒಂದು ಖಾಸಗಿ ಶಾಲೆಗೆ ಕಳಿಸುತ್ತಿದ್ದರು. ಎರಡನೇ ವರ್ಷ ಆ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಬೆಂಗಳೂರಿನ ಯಾವುದೋ ಕಂಪನಿ ತನಗೆ ಹಳತಾಗಿದ್ದನ್ನು ಕೊಟ್ಟಿತ್ತು. ಅದಕ್ಕೊಂದು ಕೋಣೆ, ಕಿಟಕಿಗೆ ಪರದೆ, ನೆಲಕ್ಕೆ ಜಮಖಾನ. ಚಪ್ಪಲಿ ಹೊರಗೆ ಬಿಡಬೇಕು. ಯಂತ್ರಕ್ಕೆ ರೇಷ್ಮೆಯ ಉಳಿಕೆ ಬಟ್ಟೆಯಲ್ಲಿ ಹೊಲಿಸಿದ ಮುಸುಕು, ಮೇಲೆ ಅರಿಶಿನ ಕುಂಕುಮ. ಆಯುಧಪೂಜೆಯ ದಿನ ಮಗ್ಗಕ್ಕೆ ಮಾಡುವಂತೆ ಇದಕ್ಕೂ ಕುಂಬಳಕಾಯಿ ಒಡೆದಿದ್ದರು.

ನಮ್ಮ ಉಪನ್ಯಾಸಕರೊಬ್ಬರು ಅದನ್ನು ನೋಡಿ ಬಂದು ತರಗತಿಯಲ್ಲಿ ನಕ್ಕರು. "ಇನ್ನೇನ್ರಮ್ಮಾ, ಮುಂದೆ ಪಾಠ ಎಲ್ಲಾ ಅದೇ ಮಾಡ್ಬಿಡುತ್ತೆ. ನೀವು ಬಂದು ಸ್ವಿಚ್ ಹಾಕೋದು, ಸಂಜೆ ಆರ್ಸೋದು." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಆ ಯಂತ್ರದ ಪರದೆಯ ಮೇಲೆ ಒಂದು ಪುಟ್ಟ ತ್ರಿಕೋನ ಕಾಣುತ್ತಿತ್ತು. ಅದನ್ನು ಆಮೆ ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಇಷ್ಟು ಮುಂದೆ ಹೋಗು, ಇಷ್ಟು ಬಲಕ್ಕೆ ತಿರುಗು ಎಂದು ಟೈಪ್ ಮಾಡಿದರೆ ಅದು ಹಸಿರು ಗೆರೆ ಎಳೆಯುತ್ತಾ ಹೋಗುತ್ತಿತ್ತು. ಒಂದು ದಿನ ಏಳನೇ ತರಗತಿಯ ಮಕ್ಕಳ ಮುಂದೆ ಅದು ಸುತ್ತು ಬರೆಯಿತು. ಮಕ್ಕಳು ಎದ್ದು ನಿಂತು ಕೂಗಿದರು. ಹಿಂದಿನ ವಾರವಷ್ಟೇ ನನಗೆ ಚಪ್ಪಾಳೆ ತಟ್ಟಿದ್ದ ಮಕ್ಕಳೇ ಅವರು. ನನಗಾದದ್ದು ಹೊಟ್ಟೆಕಿಚ್ಚು. ಒಂದು ಪೆಟ್ಟಿಗೆಯ ಮೇಲೆ ಹೊಟ್ಟೆಕಿಚ್ಚು. ಅದನ್ನು ಮುಟ್ಟಬೇಕು ಅಂತಲೂ ಅನ್ನಿಸುತ್ತಿತ್ತು, ಕೆಟ್ಟುಹೋಗಲಿ ಅಂತಲೂ ಅನ್ನಿಸುತ್ತಿತ್ತು.

ಬೆಂಚಿನವಳು ಮಾತ್ರ ಊಟದ ಬಿಡುವಿನಲ್ಲೂ ಆ ಕೋಣೆಯಲ್ಲೇ ಇರುತ್ತಿದ್ದಳು. ಶಾಲೆಯ ಗುಮಾಸ್ತರನ್ನು ಕಾಡಿ ಬೇಡಿ ಟೈಪ್ ಮಾಡುವುದನ್ನು ಕಲಿತಳು. ಬಸ್ ನಿಲ್ದಾಣಕ್ಕೆ ನಡೆಯುವಾಗ ನಾನು ಚುಚ್ಚಿದೆ.

"ಏನೇ, ಅದರ ಜೊತೇನೇ ಮದ್ವೆ ಮಾಡ್ಕೊಂಡ್ಬಿಡ್ತೀಯಾ ಹೆಂಗೆ?"

"ಮನೇಲಿ ನೋಡಿರೋ ಹಿಂದೂಪುರದ ಗಂಡಿಗಿಂತ ವಾಸಿ ಕಣೇ. ಹೇಳಿದ ಮಾತು ಕೇಳುತ್ತೆ" ಅಂದಳು. ನಿಲ್ದಾಣ ಹತ್ತಿರವಾದಾಗ ತಾನೇ ಮುಂದುವರಿಸಿದಳು. "ನಂಗೂ ಅದರ ಮೇಲೆ ಹೊಟ್ಟೆಕಿಚ್ಚೇ. ಮಗು ನೂರು ಸಲ ತಪ್ಪು ಮಾಡಿದ್ರೂ ಅದಕ್ಕೆ ಬೇಜಾರಾಗಲ್ಲ. ನಂಗೆ ಮೂರನೇ ಸಲಕ್ಕೇ ಕೈ ಎತ್ತೋ ಹಂಗಾಗುತ್ತೆ. ಆ ಕೊನೇ ಸಾಲಿನ ಹುಡುಗಿ ನನ್ ಹತ್ರ ಬಾಯೇ ಬಿಡಲ್ಲ, ಅದರ ಮುಂದೆ ಕೂತ್ರೆ ಬೆರಳು ನಿಲ್ಲಲ್ಲ. ನಂಗ್ಯಾಕೆ ಹೇಳಲ್ಲ ಅವಳು?"

ಕೊನೆಯ ಸಾಲಿನ ಆ ಹುಡುಗಿ ನನಗೂ ಗೊತ್ತಿದ್ದಳು. ಏಳನೇ ತರಗತಿ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವಳು, ತುಟಿ ಅಲುಗುವುದು, ಏನೂ ಕೇಳಿಸುತ್ತಿರಲಿಲ್ಲ. ಮಕ್ಕಳು ಅವಳನ್ನು ಮೂಗಿ ಎಂದು ರೇಗಿಸುತ್ತಿದ್ದರು, ಶಿಕ್ಷಕರು ಕೂರಿಸುತ್ತಿದ್ದರು. ಬೆಂಚಿನವಳ ಹೊಟ್ಟೆಕಿಚ್ಚು ನನ್ನದರಂತಲ್ಲ ಎಂದು ಅಂದೇ ಅನ್ನಿಸಿತು. ಆಗ ಅದನ್ನು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ.

ವರ್ಷದ ಕೊನೆಗೆ ಅಂತಿಮ ಪಾಠ. ನಿಜವಾದ ತರಗತಿಯಲ್ಲಿ ಪಾಠ ಮಾಡಬೇಕು. ಹಿಂದಿನ ಸಾಲಿನಲ್ಲಿ ಉಪನ್ಯಾಸಕರು, ಶಾಲೆಯ ಹೆಡ್ಮಾಸ್ಟರು, ಸಹಪಾಠಿಗಳು ಕೂತು ನೋಡುತ್ತಾರೆ. ಒಬ್ಬೊಬ್ಬರ ಪಾಠವನ್ನು ಇನ್ನೊಬ್ಬರು ಗಮನಿಸಿ ವೀಕ್ಷಣಾ ವರದಿ ಬರೆಯಬೇಕು. ಆ ಸಲ ಹೆಡ್ಮಾಸ್ಟರು ಇನ್ನೊಂದು ಮಾತು ಸೇರಿಸಿದ್ದರು. ಮುಂದಿನ ಜೂನ್‌ಗೆ ಶಾಲೆಗೆ ಒಬ್ಬರು ಟೀಚರ್ ಬೇಕು, ಪಾಠ ನೋಡಿ ಆರಿಸುತ್ತೇನೆ ಎಂದು. ಒಂದೇ ಕೆಲಸ. ಅದು ಸಿಕ್ಕರೆ ಬೆಂಚಿನವಳಿಗೆ ಹಿಂದೂಪುರದ ಸಂಬಂಧ ತಪ್ಪುತ್ತಿತ್ತು, ಮನೆಯವರು ಊರಲ್ಲೇ ಗಂಡು ನೋಡುವುದಾಗಿ ಹೇಳಿದ್ದರು. ನನಗೆ ಸಿಕ್ಕರೆ, ನಾನು ಬಯಸಿದ್ದೆಲ್ಲ ಸಿಕ್ಕಂತೆ.

ನನ್ನ ಪಾಠ ಬೆಳಿಗ್ಗೆ. ನದಿಗಳು. ಹಲಗೆಯ ಮೇಲೆ ನಕ್ಷೆ ಒಂದೇ ಎಳೆಯಲ್ಲಿ ಬಂತು. ಶಾಲೆಯ ಗೋಡೆಯ ಆಚೆಗೆ ಮಗ್ಗಗಳು ಎಂದಿನಂತೆ ಬಡಿಯುತ್ತಿದ್ದವು, ನಾನು ಗಂಟಲು ಏರಿಸಿ ಮಾತಾಡಿದೆ. ಉತ್ತರ ಹೇಳುವ ಮಕ್ಕಳನ್ನೇ ಕೇಳಿದೆ. ಅಂತಿಮ ಪಾಠದಲ್ಲಿ ಬಾರದವರನ್ನು ಎಬ್ಬಿಸಬಾರದು ಎನ್ನುವುದು ತರಬೇತಿಯಲ್ಲಿ ಯಾರೂ ಕಲಿಸದೆ ಎಲ್ಲರೂ ಕಲಿಯುತ್ತಿದ್ದ ವಿದ್ಯೆ. ಹೆಡ್ಮಾಸ್ಟರು ತಲೆಯಾಡಿಸಿದರು. ಒಂದು ತಪ್ಪೂ ಇರಲಿಲ್ಲ.

ಅವಳದು ಊಟದ ನಂತರ, ಕಂಪ್ಯೂಟರ್ ಕೋಣೆಯಲ್ಲಿ. ಚೌಕ ಬರೆಯುವುದು ಹೇಗೆ ಎಂಬ ಪಾಠ. ಮಕ್ಕಳು ಗೋಡೆಯ ಬದಿಗೆ ಜಮಖಾನದ ಮೇಲೆ ಕೂತರು, ನಾವು ಹಿಂದೆ ಕುರ್ಚಿಗಳಲ್ಲಿ. ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಮುಸುಕು ತೆಗೆದಳು, ಸ್ವಿಚ್ ಹಾಕಿದಳು. ಪರದೆ ಹಸಿರಾಯಿತು. ಆಮೆ ಕಾಣಿಸಿತು. ಆಗ ಕರೆಂಟು ಹೋಯಿತು.

ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಕಿವಿಯಿಂದ ಹತ್ತಿ ತೆಗೆದಂತೆ ಆಗುತ್ತದೆ. ನನಗೆ ಖುಷಿಯಾಯಿತು. ಅದನ್ನು ಮರೆಮಾಚಲು ವರದಿಯ ಹಾಳೆಯ ಕಡೆ ಬಗ್ಗಿದೆ.

"ಕಾಯೋಣವೇನಮ್ಮಾ?" ಅಂದರು ಹೆಡ್ಮಾಸ್ಟರು.

"ಬೇಡಿ ಸಾರ್" ಅಂದಳು. ಯಂತ್ರಕ್ಕೆ ಮತ್ತೆ ಮುಸುಕು ಹಾಕಿ ಮಕ್ಕಳ ಕಡೆ ತಿರುಗಿದಳು. "ಆಮೆ ಸತ್ತೋಯ್ತು. ಈಗ ನಾನೇ ಆಮೆ. ನಂಗೆ ಕಣ್ಣಿಲ್ಲ, ಬುದ್ಧಿ ಇಲ್ಲ. ನೀವು ಹೇಳಿದ್ದಷ್ಟೇ ಮಾಡ್ತೀನಿ. ನನ್ ಕೈಲಿ ಒಂದು ಚೌಕ ನಡೆಸಿ ನೋಡೋಣ."

ಕಣ್ಣು ಮುಚ್ಚಿಕೊಂಡಳು.

ಟೀಚರ್ ಮಕ್ಕಳ ಆಜ್ಞೆ ಪಾಲಿಸುವುದನ್ನು ಆ ಕೋಣೆಯಲ್ಲಿದ್ದ ಯಾರೂ ನೋಡಿರಲಿಲ್ಲ. ಹೆಡ್ಮಾಸ್ಟರು ಬೆತ್ತ ಹಿಡಿದೇ ಓಡಾಡುವವರು. ಉಪನ್ಯಾಸಕರು ಅವರ ಮುಖ ನೋಡಿದರು. ಒಬ್ಬ ಹುಡುಗ ಧೈರ್ಯ ಮಾಡಿ "ತಿರುಗಿ ಮಿಸ್" ಅಂದ. ಎಷ್ಟು ಎಂದು ಹೇಳಲಿಲ್ಲ. ಅವಳು ತಿರುಗಿದಳು, ತಿರುಗುತ್ತಲೇ ಇದ್ದಳು. ಸೆರಗು ಬಿಚ್ಚಿಕೊಂಡು ಹಾರಿತು, ಮಕ್ಕಳು ಬಿದ್ದು ಬಿದ್ದು ನಕ್ಕರು. "ನಿಲ್ಸಿ ಮಿಸ್, ನಿಲ್ಸಿ!" ನಿಂತಳು. "ಮುಂದೆ!" ಎಂದು ಇನ್ನೊಬ್ಬ ಕೂಗಿದ. ಎಷ್ಟು ಹೆಜ್ಜೆ ಎಂದು ಅವನೂ ಹೇಳಲಿಲ್ಲ. ನೇರ ಬಂದು ಹೆಡ್ಮಾಸ್ಟರ ಮೊಣಕಾಲಿಗೆ ಡಿಕ್ಕಿ ಹೊಡೆದಳು. ನಗು ನಿಂತುಹೋಯಿತು. ಕಣ್ಣು ಬಿಡದೆಯೇ ಹೇಳಿದಳು, "ಆಮೆ ತಪ್ಪಲ್ಲ ಸಾರ್, ಹೇಳ್ದೋರ್ ತಪ್ಪು."

ಹೆಡ್ಮಾಸ್ಟರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು.

ಮಕ್ಕಳಿಗೆ ಭಯ ಹೋಗಿ ಹುರುಪು ಬಂತು. ಎಲ್ಲರೂ ಒಟ್ಟಿಗೆ ಬಲ, ಎಡ, ಮುಂದೆ ಎಂದು ಅರಚಿದರು. ಮಗ್ಗದೂರಿನ ಮಕ್ಕಳು, ಮಗ್ಗ ನಿಂತರೂ ಅದೇ ದನಿ. ಅವಳು ತೆರೆದ ಬಾಗಿಲಿನ ಕಡೆ ಹೊರಟಿದ್ದಳು, ಹೊಸ್ತಿಲು ದಾಟಿದರೆ ಮೆಟ್ಟಿಲು. ಅಲ್ಲಿಗೆ ನಿಂತು ಕೈ ಎತ್ತಿದಳು. "ಎಲ್ಲಾರೂ ಕೂಗಿದ್ರೆ ಆಮೆಗೆ ಏನೂ ಕೇಳ್ಸಲ್ಲ. ಒಬ್ರು ಹೇಳಿ. ನಿಧಾನಕ್ಕೆ."

ಕೋಣೆ ಪೂರ್ತಿ ಸ್ತಬ್ಧವಾಯಿತು. ಗೋಡೆಯ ಆಚೆಗೂ ಸದ್ದಿರಲಿಲ್ಲ. ಆಗ ಕೊನೆಯ ಸಾಲಿನಿಂದ ಒಂದು ದನಿ ಬಂತು. ತೆಳ್ಳಗೆ, ಸ್ಪಷ್ಟವಾಗಿ. "ಬಲಕ್ಕೆ ತೊಂಬತ್ತು ಡಿಗ್ರಿ ಮಿಸ್. ಆಮೇಲೆ ನಾಲ್ಕು ಹೆಜ್ಜೆ."

ಅವಳು ತಿರುಗಿ ನಾಲ್ಕು ಹೆಜ್ಜೆ ನಡೆದಳು. ದನಿ ಮತ್ತೆ ಹೇಳಿತು, ಅವಳು ಮತ್ತೆ ನಡೆದಳು. ಚೌಕ ಮುಗಿದು ಮೊದಲ ಹೆಜ್ಜೆಯ ಜಾಗಕ್ಕೇ ಬಂದು ನಿಂತಾಗ ಕಣ್ಣು ಬಿಟ್ಟಳು. ಹೆಡ್ಮಾಸ್ಟರು ಎದ್ದು ನಿಂತಿದ್ದರು.

"ಯಾರಮ್ಮ ಅದು ಮಾತಾಡಿದ್ದು?"

ಆ ಹುಡುಗಿ ಅವರ ಶಾಲೆಯಲ್ಲೇ ಒಂದನೇ ತರಗತಿಯಿಂದ ಓದುತ್ತಿದ್ದಳು. ಅವಳಿಗೆ ಮಾತು ಬರದೆ ಇರಲಿಲ್ಲ, ದನಿ ಸಣ್ಣದಿತ್ತು. ಅದಕ್ಕೆ ಮಗ್ಗದ ಸದ್ದನ್ನು ದಾಟಲು ಆಗುತ್ತಿರಲಿಲ್ಲ, ಅಷ್ಟೇ. ಯಂತ್ರಕ್ಕೆ ದನಿ ಬೇಕಿರಲಿಲ್ಲವಾದ್ದರಿಂದ ಅದರ ಹತ್ತಿರ ಅವಳು ಬೆರಳಲ್ಲೇ ಮಾತಾಡುತ್ತಿದ್ದಳು. ಬೆಂಚಿನವಳು ಹೋಗಿ ಅವಳ ಪಕ್ಕ ಜಮಖಾನದ ಮೇಲೆ ಕೂತುಬಿಟ್ಟಳು. "ಇಷ್ಟು ದಿನ ಆ ಡಬ್ಬಕ್ಕೆ ಮಾತ್ರ ಹೇಳ್ತಿದ್ದೆ ಅಲ್ವೇನೇ ಕಳ್ಳಿ?" ಅಂದಳು. ಅಂತಿಮ ಪಾಠದ ಮಧ್ಯೆ ಶಿಕ್ಷಕಿ ನೆಲಕ್ಕೆ ಕೂರುವಂತಿಲ್ಲ. ಯಾರೂ ಅದನ್ನು ಹೇಳಲಿಲ್ಲ.

ಅವಳ ಪಾಠದ ವೀಕ್ಷಣಾ ವರದಿ ನನ್ನ ಪಾಲಿಗೆ ಬಂದಿತ್ತು. ನಡೆದದ್ದನ್ನು ನಡೆದಂತೆ ಬರೆದೆ, ಒಂದು ಹೊಗಳಿಕೆಯ ಪದವನ್ನೂ ಹಾಕಲಿಲ್ಲ. ಹೊಟ್ಟೆ ಉರಿಯುತ್ತಿದ್ದಾಗ ಹೊಗಳುವುದು ನನ್ನಿಂದ ಆಗುವಂತಿರಲಿಲ್ಲ. ಉಪನ್ಯಾಸಕರು ಓದಿ, "ನೀನು ಪೇಪರಿಗೆ ಬರೀಬೋದು ಕಣಮ್ಮ" ಅಂದರು. ಎರಡು ವರ್ಷದ ತರಬೇತಿಯಲ್ಲಿ ಉಪನ್ಯಾಸಕರಿಂದ ಬಂದು ಮನಸ್ಸಿಗೆ ತಾಗಿದ ಮೆಚ್ಚುಗೆ ಅದೊಂದೇ. ಅದೂ ಅವಳ ಪಾಠದಿಂದ ಬಂದದ್ದು.

ಕೆಲಸ ಅವಳಿಗೆ ಸಿಕ್ಕಿತು. ನಾನು ಬೇರೆ ಶಾಲೆ ಹುಡುಕಬಹುದಿತ್ತು, ಹುಡುಕಲಿಲ್ಲ. ಅಲ್ಲಿಯವರೆಗೂ ಆ ಪೆಟ್ಟಿಗೆಯ ಮೇಲೆ ಹೊಟ್ಟೆಕಿಚ್ಚು ಎಂದುಕೊಂಡಿದ್ದೆ. ಪೆಟ್ಟಿಗೆ ಮುಸುಕು ಹೊದ್ದು ಮೂಲೆಯಲ್ಲಿ ಕೂತಿದ್ದಾಗಲೇ ನನಗೆ ಅತಿ ಹೆಚ್ಚು ಉರಿದದ್ದು. ನನ್ನ ನಕ್ಷೆ ಎಷ್ಟು ಚೆನ್ನಾಗಿದ್ದರೂ ಆ ದನಿಯನ್ನು ಹೊರಗೆ ತರುತ್ತಿರಲಿಲ್ಲ. ಮುಂದಿನ ವರ್ಷ ತಾಲ್ಲೂಕಿನ ಸುದ್ದಿ ಬರೆಯುವ ಕೆಲಸಕ್ಕೆ ಸೇರಿದೆ. ಹಿಂದಿನ ಸಾಲಿನಲ್ಲಿ ಕೂತು ಕಂಡದ್ದನ್ನು ಬರೆಯುವುದು ನನಗೆ ಆಗಲೇ ಬಂದಿತ್ತು.

ಒಮ್ಮೆ, ಕೆಲವು ವರ್ಷಗಳ ನಂತರ, ಬಸ್ ನಿಲ್ದಾಣದಲ್ಲಿ ಸಿಕ್ಕಳು. ಊರಲ್ಲೇ ಮದುವೆಯಾಗಿತ್ತು. ಶಾಲೆಗೆ ಹೊಸ ಕಂಪ್ಯೂಟರುಗಳು ಬಂದಿವೆ, ಬಣ್ಣದವು ಎಂದು ಇಡೀ ನಿಲ್ದಾಣಕ್ಕೆ ಕೇಳುವಂತೆ ಹೇಳಿದಳು. "ಈಗ ಇನ್ನೂ ಭಯ ಆಗುತ್ತೆ ಕಣೇ. ಎಷ್ಟು ಚೆನ್ನಾಗಿದೆ ಅಂದ್ರೆ, ಮಕ್ಕಳು ನನ್ ಮುಖಾನೇ ನೋಡಲ್ಲ. ಆದ್ರೂ ಬೇಕು ಅನ್ಸುತ್ತೆ. ನೀನು ಬಂದು ಒಂದ್ಸಲ ನೋಡು, ಪೇಪರಿಗೆ ಬರಿ." ಬರ್ತೀನಿ ಅಂದೆ. ಹೋಗಲಿಲ್ಲ. ಅವಳ ತರಗತಿಯ ಹಿಂದಿನ ಸಾಲಿನಲ್ಲಿ ಇನ್ನೊಮ್ಮೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ...

ಹೊಸಕೋಟೆಯ ಆ ಉದ್ಘಾಟನೆ ಮುಗಿಸಿ ವರದಿ ಕಳಿಸಿದ ಮೇಲಿನ ಭಾನುವಾರ ದೊಡ್ಡಬಳ್ಳಾಪುರಕ್ಕೆ ಹೋದೆ. ಬೆಂಚಿನವಳ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಿಂದ ಒಬ್ಬಳು ಹೊರಗೆ ಬಂದಳು, ಸೊಂಟದಲ್ಲಿ ಮಗು.

"ಮಿಸ್ಸನ್ನ ನೋಡೋಕ್ ಬಂದ್ರಾ? ಅಯ್ಯೋ, ಗೊತ್ತಾಗ್ಲಿಲ್ವಾ ನಿಮ್ಗೆ? ಹೋಗ್ಬಿಟ್ರಲ್ಲ, ಎರಡು ವರ್ಷ ಆಯ್ತು. ಕಿಡ್ನಿದು. ಅವರ ಯಜಮಾನ್ರು ಈಗ ಮಗನ್ ಹತ್ರ ನೆಲಮಂಗಲದಲ್ಲಿದ್ದಾರೆ."

ನಾನು ಜಗುಲಿಯ ಮೇಲೆ ಕೂತೆ. ಜಿಲ್ಲೆಯ ನಿಧನ ವಾರ್ತೆಗಳೆಲ್ಲ ನಮ್ಮ ಡೆಸ್ಕಿನ ಮೂಲಕವೇ ಹೋಗುತ್ತವೆ. ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಷ್ಟು ವರ್ಷ ಅವಳು ಇಲ್ಲಿ ಪಾಠ ಮಾಡುತ್ತಿದ್ದಾಳೆ, ನನಗಿಂತ ಚೆನ್ನಾಗಿ ಮಾಡುತ್ತಿದ್ದಾಳೆ ಎಂದುಕೊಂಡೇ ಇದ್ದೆ. ಹೊಟ್ಟೆಕಿಚ್ಚು ಪಟ್ಟುಕೊಂಡೇ ಎರಡು ವರ್ಷ ಕಳೆದಿದ್ದೆ, ಇಲ್ಲದವಳ ಮೇಲೆ.

ಆಕೆ ನೀರು ತಂದುಕೊಟ್ಟಳು. "ಇನ್ನೂ ಬರ್ತಾನೇ ಇರ್ತಾರೆ ನೋಡಿ. ಮೊನ್ನೆ ಒಬ್ರು ದುಬೈಯಿಂದ ಬಂದಿದ್ರು, ಗಂಡಸು, ಇಲ್ಲೇ ನಿಂತ್ಕೊಂಡು ಅತ್ಬಿಟ್ರು." ಲೋಟ ವಾಪಸು ತೆಗೆದುಕೊಳ್ಳುವಾಗ ನನ್ನ ಮುಖವನ್ನೂ ಬಿಳಿ ಕೂದಲನ್ನೂ ಒಮ್ಮೆ ನೋಡಿದಳು. ಸ್ವಲ್ಪ ಅನುಮಾನ ಇದ್ದಿರಬೇಕು.

"ನೀವೂ ಮಿಸ್ ಹತ್ರ ಓದಿದ್ದಾ?"

ಇಲ್ಲ, ನಾವಿಬ್ಬರೂ ಒಂದೇ ಬೆಂಚು, ಒಂದೇ ಕೆಲಸಕ್ಕೆ ನಿಂತವರು ಎನ್ನಬಹುದಿತ್ತು.

"ಹೂಂನಮ್ಮ" ಅಂದೆ.